ಬಸ್ಸಿನ ಪಟ್ಟಿಯಲ್ಲಿ ಎರಡೆರಡು ಸಲ ಬಂದ ಹೆಸರುಗಳು

ಜುಲೈ ತಿಂಗಳ ಎರಡನೇ ಸೋಮವಾರ ನಮ್ಮ ಪತ್ರಿಕೆಯ ಮೂರನೇ ಪುಟದಲ್ಲಿ ಅಚ್ಚಾದ ಒಂದು ಪಟ್ಟಿಯಲ್ಲಿ, ಯಲಬುರ್ಗಾ ತಾಲ್ಲೂಕಿನ ಒಂದು ಊರಿನ ಮುಂದೆ 143 ಎಂದಿತ್ತು. ಆ ಸಂಖ್ಯೆ ತಪ್ಪಾಗಿತ್ತು. ಅದನ್ನು ಎಣಿಸಿದ ಪ್ರೋಗ್ರಾಂ ಬರೆದವನು ನಾನು.

ಪಟ್ಟಿ ಬಸ್ಸಿನದು. ಕೊಪ್ಪಳದ ನಮ್ಮ ಕಚೇರಿಯಲ್ಲಿ ನಾನು ಉಪಸಂಪಾದಕ. ಕಾಲೇಜು ಸುರುವಾದ ಮೇಲೆ ಜಿಲ್ಲೆಯ ಎಲ್ಲ ಮೂಲೆಗಳಿಂದ ಬರುತ್ತಿದ್ದ ದೂರು ಒಂದೇ: ಮುಂಜಾನೆ ಹೊತ್ತಿಗೆ ಸರಿಯಾಗಿ ಬಸ್ಸಿಲ್ಲ. ಆಗ ಸಂಪಾದಕರು ಒಂದು ವಿಚಾರ ಹೇಳಿದರು. ಪತ್ರಿಕೆಯ ಸಾಮಾಜಿಕ ಜಾಲತಾಣದ ಪುಟದಲ್ಲಿ ‘ನಿಮ್ಮೂರಿಗೆ ಮುಂಜಾನೆ ಬಸ್ ಬೇಕೇ?’ ಎಂದು ಕೇಳೋಣ, ಓದುಗರು ಅದರ ಕೆಳಗೆ ತಮ್ಮ ಊರು, ಹೋಗುವ ಊರು, ಬೇಕಾದ ಹೊತ್ತು ಬರೆಯಲಿ, ಒಂದು ವಾರ ಬಿಟ್ಟು ಊರುವಾರು ಎಣಿಸಿ ಅಚ್ಚು ಹಾಕೋಣ ಎಂದರು. ಪಟ್ಟಿ ಅಚ್ಚಾಗುವ ವಾರದ ಶುಕ್ರವಾರವೇ ಹೊಸ ಟ್ರಿಪ್‌ಗಳನ್ನು ತೀರ್ಮಾನಿಸುವ ಸಭೆ ಇತ್ತು. ಬಸ್ಸುಗಳ ವೇಳಾಪಟ್ಟಿ ನೋಡಿಕೊಳ್ಳುವ ಸಂಚಾರ ಅಧಿಕಾರಿ ನಮ್ಮ ಪಟ್ಟಿಯನ್ನೂ ಸಭೆಯ ಮುಂದೆ ಇಡಲು ಒಪ್ಪಿದ್ದರು. ಒಂದು ಊರಿನಿಂದ ನಲವತ್ತು ಮಂದಿಯಾದರೂ ದಿನಾ ಹೋಗುವವರಿದ್ದರೆ ವಿಚಾರ ಮಾಡಬಹುದು ಎಂದೂ ಹೇಳಿದ್ದರು.

ಬಂದ ಬರಹಗಳನ್ನು ಕೈಯಿಂದ ಎಣಿಸುವುದು ಆಗದ ಮಾತು. ಗಂಗಾವತಿ ಕಡೆಯಿಂದ ಒಂದೇ ದಿನಕ್ಕೆ ನೂರಾರು ಬಂದವು, ನವಲಿಯಿಂದಲೂ ಬಂದವು. ಜಾಲತಾಣದವರು ತಮ್ಮಲ್ಲಿರುವ ಮಾಹಿತಿಯನ್ನು ಬೇರೆಯವರ ಪ್ರೋಗ್ರಾಂಗಳಿಗೆ ಕೊಡಲು ಒಂದು ಕಿಟಕಿ ತೆರೆದಿಟ್ಟಿರುತ್ತಾರೆ. ಅದಕ್ಕೆ ಎಪಿಐ ಎನ್ನುತ್ತಾರೆ. ಕಿಟಕಿಯ ಹತ್ತಿರ ಹೋಗಿ ‘ಈ ಪೋಸ್ಟಿನ ಕೆಳಗಿನ ಕಾಮೆಂಟು ಕೊಡು’ ಎಂದು ಕೇಳಿದರೆ ಇಪ್ಪತ್ತೈದು ಇಪ್ಪತ್ತೈದರ ಕಟ್ಟು ಮಾಡಿ ಕೊಡುತ್ತದೆ. ನಾನು ಎರಡು ದಿನ ಕುಳಿತು ಒಂದು ಸಣ್ಣ ಪ್ರೋಗ್ರಾಂ ಬರೆದೆ. ಅದು ತಾಸಿಗೊಮ್ಮೆ ಕಿಟಕಿಗೆ ಹೋಗಿ, ಹೊಸದಾಗಿ ಬಂದ ಕಾಮೆಂಟುಗಳನ್ನು ತಂದು ಸ್ಪ್ರೆಡ್‌ಶೀಟಿನಲ್ಲಿ ಸಾಲಾಗಿ ಬರೆಯುತ್ತಿತ್ತು. ವಾರದ ಕೊನೆಗೆ ಊರಿನ ಹೆಸರು ಹುಡುಕಿ ಎಣಿಸಿದೆ. ಎಣಿಕೆಯನ್ನು ಮತ್ತೊಬ್ಬರಿಂದ ಪರೀಕ್ಷೆ ಮಾಡಿಸಲಿಲ್ಲ. ಯಾರಾದರೂ ವರದಿಗಾರ ಹೀಗೆ ಸಂಖ್ಯೆ ತಂದುಕೊಟ್ಟಿದ್ದರೆ ಮೂಲ ಯಾವುದು ಎಂದು ಕೇಳದೆ ನಾನು ಅಚ್ಚಿಗೆ ಬಿಡುತ್ತಿರಲಿಲ್ಲ.

ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಸಂಚಾರ ಅಧಿಕಾರಿ ಸಂಪಾದಕರಿಗೆ ಫೋನ್ ಮಾಡಿದರು. ಅವರು ಕೇಳಿದ್ದರೆಂದು ಹೆಸರುಗಳಿರುವ ಪೂರ್ತಿ ಹಾಳೆಯನ್ನು ಹಿಂದಿನ ದಿನವೇ ಕಳಿಸಿದ್ದೆವು. ಅವರು ಅದನ್ನು ಓದಿದ್ದರು. ಸಂಪಾದಕರು ಫೋನಿನ ಸ್ಪೀಕರ್ ಹಾಕಿ ನನ್ನ ಮೇಜಿನ ಮೇಲಿಟ್ಟರು.

‘ಸಾಹೇಬ್ರ, ಇಲ್ಲೊಬ್ಬಾಕಿ ಹೆಸರು ಮೂರು ಸಲ ಐತಿ. ಒಬ್ಬಾಕಿ ಮೂರು ಸಲ ಹತ್ತತಾಳೇನ್ರಿ ಬಸ್ಸು? ಇಳದ ಹತ್ತತಾಳೋ, ಇಳೀದನ ಹತ್ತತಾಳೋ ಹೇಳ್ರಿ, ಅದರಂಗ ಬಸ್ ಕಳಸ್ತೀನಿ.’

ಅವರ ಹಿಂದೆ ಯಾರೋ ನಕ್ಕಿದ್ದು ಕೇಳಿಸಿತು. ಆಮೇಲೆ ಅವರು ದನಿ ತಗ್ಗಿಸಿ ಹೇಳಿದ್ದು ಇಷ್ಟು: ಗಂಗಾವತಿಯಂಥ ದೊಡ್ಡ ತಾಲ್ಲೂಕಿನ ಊರುಗಳನ್ನೂ ಹಿಂದೆ ಹಾಕಿ ಒಂದು ಸಣ್ಣ ಊರು ಮೇಲೆ ಬಂದಿದೆ, ಬರಹವೂ ಎಲ್ಲ ಒಂದೇ, ಯಾರೋ ಕುಳಿತು ಒತ್ತಿದಂತೆ ಕಾಣುತ್ತದೆ. ಗುರುವಾರ ಸಂಜೆಯೊಳಗೆ ಸರಿಯಾದ ಪಟ್ಟಿ ಬಂದರೆ ಸಭೆಗೆ ಇಡುತ್ತೇನೆ, ಇಲ್ಲವಾದರೆ ಆ ಊರನ್ನು ಕೈಬಿಡುತ್ತೇನೆ. ಮುಂದಿನ ಬದಲಾವಣೆ ಬೇಸಿಗೆ ರಜೆ ಮುಗಿದ ಮೇಲೆಯೇ.

ಕೈಬಿಟ್ಟರೆ ಏನಾಗುತ್ತದೆ ಎನ್ನುವುದು ನನಗೆ ಗೊತ್ತಿತ್ತು. ನಮ್ಮ ಯಲಬುರ್ಗಾ ವರದಿಗಾರ್ತಿ ಅದೇ ಊರಿನ ಬಗ್ಗೆ ಜೂನ್‌ನಲ್ಲಿ ಸುದ್ದಿ ಕಳಿಸಿದ್ದಳು. ಅಲ್ಲಿಂದ ಕುಷ್ಟಗಿಗೆ ಮೊದಲ ಬಸ್ಸು ಒಂಬತ್ತೂ ಹತ್ತಕ್ಕೆ. ಕಾಲೇಜು ಸುರುವಾಗುವುದು ಒಂಬತ್ತಕ್ಕೆ. ಊರಿನ ಹುಡುಗಿಯರಿಗೆ ದಿನಾ ಮೊದಲಿನ ಎರಡು ಪಿರಿಯಡ್ಡು ತಪ್ಪುತ್ತಿದ್ದವು. ಹೋದ ವರ್ಷ ಆ ಊರಿನ ಮೂವರಿಗೆ ಹಾಜರಿ ಸಾಲದೆ ಪರೀಕ್ಷೆಗೆ ಕೂಡಲು ಬಿಟ್ಟಿರಲಿಲ್ಲ. ಅವರಲ್ಲಿ ಇಬ್ಬರು ಓದು ಬಿಟ್ಟಿದ್ದರು.

ಹಾಳೆ ತೆರೆದು ನೋಡಿದೆ. ಅಧಿಕಾರಿ ಹೇಳಿದ್ದು ನಿಜವಿತ್ತು. ಒಂದೇ ಹೆಸರು, ಒಂದೇ ಬರಹ, ಒಂದೇ ನಿಮಿಷ, ಮೂರು ಸಾಲು. ಮತ್ತೊಂದು ಹೆಸರು ಎರಡು ಸಾಲು. ಅದಕ್ಕಿಂತ ಹೆಚ್ಚಾಗಿ, ಬೇರೆ ಬೇರೆ ಹೆಸರುಗಳ ಮುಂದೆಯೂ ಅಕ್ಷರ ತಪ್ಪದ ಅದೇ ಬರಹ: ‘ಮಾನ್ಯರೇ, ನಮ್ಮೂರಿನಿಂದ ಕುಷ್ಟಗಿಗೆ ಮುಂಜಾನೆ ಎಂಟರೊಳಗೆ ಬಸ್ಸು ಇರುವುದಿಲ್ಲ. ಕಾಲೇಜಿಗೆ ಹೋಗುವ ಮಕ್ಕಳಿಗೆ ದಿನಾಲು ತೊಂದರೆ ಆಗುತ್ತಿದ್ದು, ಕಾರಣ ತಾವು ದಯಮಾಡಿ ಏಳೂವರೆ ಸುಮಾರಿಗೆ ಒಂದು ಬಸ್ಸು ಬಿಡಬೇಕಾಗಿ ವಿನಂತಿ.’

ಆಗ ನಾನು ಮಾಡಿದ್ದು ಅವಸರದ ಕೆಲಸ. ಒಂದೇ ಬರಹ ಮತ್ತೆ ಬಂದಿದ್ದರೆ ಅದು ನಕಲು ಎಂದು ತೀರ್ಮಾನಿಸಿದೆ. ಕೆಲವರು ಕೊನೆಗೆ ತಮ್ಮ ಹೆಸರು ಸೇರಿಸಿದ್ದರಿಂದ ಪೂರ್ತಿ ಬರಹ ತಾಳೆಯಾಗುತ್ತಿರಲಿಲ್ಲ. ಅದಕ್ಕೆ ಮೊದಲ ನೂರು ಅಕ್ಷರ ಮಾತ್ರ ನೋಡುವಂತೆ ಪ್ರೋಗ್ರಾಂ ಬದಲಿಸಿ, ಒಂದನ್ನು ಉಳಿಸಿ ಮಿಕ್ಕಿದ್ದನ್ನು ಅಳಿಸಿದೆ. 143 ಇದ್ದದ್ದು 9 ಆಯಿತು. ಮಧ್ಯಾಹ್ನ ಮೂರಕ್ಕೆ ಆ ಪಟ್ಟಿಯನ್ನು ಅಧಿಕಾರಿಗೆ ಕಳಿಸಿದೆ. ಸಮಸ್ಯೆ ಬಗೆಹರಿಯಿತು ಎಂದು ಸಂಪಾದಕರಿಗೂ ಹೇಳಿದೆ.

ಬುಧವಾರ ಬೆಳಿಗ್ಗೆ ಯಲಬುರ್ಗಾ ವರದಿಗಾರ್ತಿ ಫೋನ್ ಮಾಡಿದಳು. ಹೊಸ ಸಂಖ್ಯೆ ಅವಳಿಗೆ ಬಸ್ ಡಿಪೋದಲ್ಲಿ ತಿಳಿದಿತ್ತು. ಅವಳು ವಯಸ್ಸಿನಲ್ಲಿ ಚಿಕ್ಕವಳು, ಮಾತಿನಲ್ಲಿ ಅಲ್ಲ.

‘ಸರ, ನಮ್ಮೂರ ಕಡಿ ಮಂದಿ ಎಲ್ಲಿ ಹೋದ್ರು? ನಿನ್ನಿ ನೂರಾ ನಲವತ್ತಮೂರು ಇದ್ರು, ಇವತ್ತ ಒಂಬತ್ತ ಅದಾರಂತ. ಗುಳೆ ಏನರ ಹೋದ್ರೇನ್ರಿ?’

ಒಂದೇ ಬರಹ ಇದ್ದವುಗಳನ್ನು ತೆಗೆದೆ ಎಂದು ಹೇಳಿದೆ.

‘ಒಂದ ಬರಹ ಇರ್ತೈತಲ್ರಿ ಸರ. ಅರ್ಜಿ ಒಂದ ಇರ್ತೈತಿ, ಸಹಿ ಭಾಳ ಇರ್ತಾವು. ನೀವು ಸಹಿ ಎಲ್ಲಾ ಹರದ ಒಗದು ಅರ್ಜಿ ಅಷ್ಟ ಇಟಗೊಂಡೀರಿ.’

ನಾನು ಮೇಜಿನ ಬಲಗಡೆಯ ಕಪಾಟು ನೋಡಿದೆ. ಅದರಲ್ಲಿ ಹಳ್ಳಿಗಳಿಂದ ಬಂದ ಮನವಿಗಳ ಪ್ರತಿ ತುಂಬಿವೆ. ಕುಡಿಯುವ ನೀರಿಗೆ, ರಸ್ತೆಗೆ, ಶಾಲೆಯ ಮೇಷ್ಟ್ರಿಗೆ. ಎಲ್ಲವೂ ಒಂದೇ ನಮೂನೆ: ಮೇಲೆ ಬರೆಯಬಲ್ಲವರೊಬ್ಬರು ಬರೆದ ಹತ್ತು ಸಾಲು, ಕೆಳಗೆ ಓಣಿಯ ಎಲ್ಲರ ಸಹಿ, ಸಹಿ ಬಾರದವರ ಹೆಬ್ಬೆಟ್ಟು. ನಮ್ಮ ಕಡೆ ಸರ್ಕಾರಕ್ಕೆ ಏನಾದರೂ ಕೇಳುವುದೆಂದರೆ ಹೀಗೆಯೇ. ತನ್ನ ಮಾತಿನಲ್ಲಿ ಬೇರೆ ಬರೆದರೆ ಊರಿನ ಒಗ್ಗಟ್ಟು ಮುರಿದಂತೆ ಎಂದು ತಿಳಿಯುತ್ತಾರೆ. ಇಪ್ಪತ್ತು ವರ್ಷದಿಂದ ಆ ಮನವಿಗಳನ್ನು ಓದುತ್ತಿರುವ ನನಗೆ, ಅದೇ ಮನವಿ ಜಾಲತಾಣದಲ್ಲಿ ಬಂದಾಗ ಗುರುತು ಸಿಗಲಿಲ್ಲ.

ಆ ಊರಿನಲ್ಲಿ ಬಸ್ ನಿಲ್ದಾಣದ ಎದುರು ಒಬ್ಬ ಹೆಣ್ಣುಮಗಳ ಹೊಲಿಗೆ ಅಂಗಡಿ ಇದೆ. ಮನವಿ ಬರೆದವಳು ಅವಳೇ ಎಂದು ವರದಿಗಾರ್ತಿ ಹೇಳಿದಳು. ಭಾನುವಾರ ಮಧ್ಯಾಹ್ನ ಊರಿನವರನ್ನು ಅಂಗಡಿಗೆ ಕರೆದು, ಎಲ್ಲರ ಫೋನಿಗೂ ಆ ಬರಹ ಕಳಿಸಿ, ಕೂಡಿಸಿಕೊಂಡು ಹಾಕಿಸಿದ್ದಳು. ಫೋನ್ ಇಲ್ಲದ ಹುಡುಗಿಯರದ್ದನ್ನು ತನ್ನ ಫೋನಿನಿಂದಲೇ, ಕೊನೆಗೆ ಅವರವರ ಹೆಸರು ಬರೆದು ಹಾಕಿದ್ದಳು. ಅವಳ ಮಗಳು ದ್ವಿತೀಯ ಪಿಯುಸಿ ವಿಜ್ಞಾನ. ಜೂನ್ ತಿಂಗಳ ಹಾಜರಿ ಕಡಿಮೆಯಾದವರ ಪಟ್ಟಿಯಲ್ಲಿ ಆ ಹುಡುಗಿಯ ಹೆಸರು ಮೊದಲನೆಯದು.

ಅಷ್ಟು ಹೊತ್ತಿಗೆ ಅಧಿಕಾರಿಯ ಕಚೇರಿಯಿಂದ ಮಾರುತ್ತರ ಬಂದಿತ್ತು: ಒಂಬತ್ತು ಮಂದಿಗೆ ಟ್ರಿಪ್ ಸಾಧ್ಯವಿಲ್ಲ, ಊರನ್ನು ಪಟ್ಟಿಯಿಂದ ಬಿಡಲಾಗಿದೆ.

ಸಂಪಾದಕರ ಕೋಣೆಯಲ್ಲಿ ಕುಳಿತೆವು. ಮೊದಲು 143 ಎಂದೆವು, ಆಮೇಲೆ 9 ಎಂದೆವು. ಮೂರನೆಯ ಸಂಖ್ಯೆ ಹೇಳಿದರೆ ನಂಬುವವರು ಯಾರು? ಈ ವಾರ ಸುಮ್ಮನಿದ್ದು, ಮುಂದೆ ಆ ಊರಿನ ಮೇಲೆ ಬೇರೆಯೇ ಒಂದು ವರದಿ ಮಾಡಬಹುದು ಎಂಬ ಮಾತೂ ಬಂತು. ಆ ಮಾತು ಆಡಿದವನು ನಾನೇ. ಸಂಪಾದಕರು ಕನ್ನಡಕ ತೆಗೆದಿಟ್ಟರು.

‘ವರದಿ ಮಾಡೂದು ಆಮ್ಯಾಲಿಂದು. ತಪ್ಪು ನಾವು ಮಾಡೀವಿ, ನಾವ ಹೇಳೋಣು. ಮೂರನೇ ಪುಟದಾಗ ಮಾಡೀವಿ, ಮೂರನೇ ಪುಟದಾಗ ಹೇಳೋಣು. ನಿನ್ನ ಸಂಖ್ಯೆ ಎಷ್ಟು ಅನ್ನೂದು ನಿನಗ ಗೊತ್ತಾಗೂತನಕ ಬಾಯಿ ಬಿಡಬ್ಯಾಡ.’

ನಾನು ಅಲ್ಲಿಯೇ ಕುಳಿತು ಅಧಿಕಾರಿಗೆ ಪತ್ರ ಬರೆದೆ. ಎರಡೂ ಪಟ್ಟಿಗಳನ್ನು ವಾಪಸು ಪಡೆಯುತ್ತಿದ್ದೇವೆ, ದೋಷ ನಮ್ಮ ಎಣಿಕೆಯದು, ಊರಿನವರದಲ್ಲ, ಶುಕ್ರವಾರ ಸಭೆಗೆ ಮುನ್ನ ಪರಿಶೀಲಿಸಿದ ಪಟ್ಟಿಯನ್ನು ನಾನೇ ತಂದು ಕೊಡುತ್ತೇನೆ ಎಂದು ಐದು ಸಾಲು. ಕಳಿಸಿದ ಮೇಲೆ ಹಿಂದೆ ಸರಿಯುವ ದಾರಿ ಇರಲಿಲ್ಲ.

ಈಗ ಉಳಿದದ್ದು ಒಂದೇ ಪ್ರಶ್ನೆ. ಬೇರೆಯವರ ಒಂದೇ ಬರಹ ಮನವಿಯ ರೂಢಿ ಎಂದಾಯಿತು. ಆದರೆ ಒಬ್ಬಾಕೆಯ ಹೆಸರು ಒಂದೇ ನಿಮಿಷದಲ್ಲಿ ಮೂರು ಸಾಲು ಹೇಗೆ ಬಂತು? ಜಾಲತಾಣದ ಪುಟ ತೆರೆದು ಕಣ್ಣಾರೆ ನೋಡಿದೆ. ಅಲ್ಲಿ ಅವಳ ಕಾಮೆಂಟು ಒಂದೇ ಇತ್ತು. ಅಂದರೆ ಅವಳು ಮೂರು ಸಲ ಒತ್ತಿಲ್ಲ. ಕಿಟಕಿಯಿಂದ ನನ್ನ ಹಾಳೆಗೆ ಬರುವ ದಾರಿಯಲ್ಲಿ ಒಂದು ಮೂರಾಗಿದೆ.

ದೋಷ ಹುಡುಕಬೇಕಾದರೆ ಅದು ಮತ್ತೆ ಕಣ್ಣೆದುರಿಗೆ ಆಗಬೇಕು. ಓದುಗರಿಗೆ ಕಾಣದಂಥ ಒಂದು ಪ್ರಯೋಗದ ಪೋಸ್ಟ್ ಮಾಡಿದೆ. ವರದಿಗಾರ್ತಿಗೆ ಫೋನ್ ಮಾಡಿ, ಅದರ ಕೆಳಗೆ ಏನಾದರೂ ಬರೆಯುತ್ತ ಹೋಗು, ಪ್ರತಿಯೊಂದಕ್ಕೂ ಕ್ರಮಸಂಖ್ಯೆ ಇರಲಿ ಎಂದೆ. ಅವಳು ಯಲಬುರ್ಗಾ ಬಸ್ ನಿಲ್ದಾಣದ ಹತ್ತಿರದ ಹೋಟೆಲಿನಲ್ಲಿ ಮಿರ್ಚಿ ಭಜಿ ತಿನ್ನುತ್ತ ಕುಳಿತಿದ್ದಳು. ‘ಮಿರ್ಚಿ 1’, ‘ಮಿರ್ಚಿ 2’ ಎಂದು ಬರತೊಡಗಿದವು. ಇಪ್ಪತ್ತಕ್ಕೆ ನಿಲ್ಲಿಸಲು ಹೇಳಿದೆ. ನೋಡಲು ಸುಲಭವಾಗಲಿ ಎಂದು ಇಪ್ಪತ್ತೈದರ ಬದಲು ಐದೈದರ ಕಟ್ಟು ಕೇಳುವಂತೆ ಪ್ರೋಗ್ರಾಂ ಬದಲಿಸಿದೆ.

ಕಿಟಕಿ ಯಾವಾಗಲೂ ಹೊಸದನ್ನು ಮೊದಲು ಕೊಡುತ್ತದೆ. ಮೊದಲ ಕಟ್ಟಿನಲ್ಲಿ ಮಿರ್ಚಿ 20ರಿಂದ 16ರವರೆಗೆ ಬಂತು. ಎರಡನೇ ಕಟ್ಟು ಕೇಳುವ ಮೊದಲು ಪ್ರೋಗ್ರಾಂ ತಡೆದು, ಇನ್ನೂ ಮೂರು ಹಾಕು ಎಂದೆ. 21, 22, 23 ಬಂದವು. ಈಗ ‘ಮೇಲಿನ ಐದು ಬಿಟ್ಟು ಮುಂದಿನ ಐದು ಕೊಡು’ ಎಂದು ಕೇಳಿದೆ. ಬಂದದ್ದು 18, 17, 16, 15, 14.

ಹದಿನೆಂಟು, ಹದಿನೇಳು, ಹದಿನಾರು ಎರಡನೇ ಸಲ ಬಂದಿದ್ದವು.

ಅವಳಿಗೆ ಓದಿ ಹೇಳಿದೆ. ‘ನಾ ಒಂದ ಪ್ಲೇಟ್ ಹೇಳಿದ್ದೆ. ನೀವು ಎರಡು ತಂದಿಟ್ಟು, ನಾನ ತಿಂದೀನಿ ಅಂತ ಬರಕೊಂಡೀರಿ’ ಎಂದಳು.

ವಿಷಯ ಇಷ್ಟೇ. ಸರದಿಯಲ್ಲಿ ನಿಂತವರನ್ನು ಎಣಿಸುತ್ತಿದ್ದೇವೆ ಎಂದುಕೊಳ್ಳಿ. ಮೊದಲಿನ ಐವರನ್ನು ಎಣಿಸಿ, ಚಹಾ ಕುಡಿದು ಬರುವಷ್ಟರಲ್ಲಿ ಮುಂದುಗಡೆ ಮೂವರು ಬಂದು ಸೇರಿದರೆ ಸರದಿ ಹಿಂದಕ್ಕೆ ಸರಿಯುತ್ತದೆ. ಆಗ ‘ಐವರನ್ನು ಬಿಟ್ಟು’ ಎಣಿಸಲು ಸುರು ಮಾಡಿದರೆ ಆಗಲೇ ಎಣಿಸಿದ ಮೂವರು ಮತ್ತೆ ಸಿಗುತ್ತಾರೆ. ಬೇರೆ ಊರುಗಳ ಕಾಮೆಂಟು ದಿನವಿಡೀ ಬಿಡಿಬಿಡಿಯಾಗಿ ಬಂದದ್ದರಿಂದ ಸರದಿ ಹೆಚ್ಚು ಸರಿಯಲಿಲ್ಲ. ಈ ಊರಿನವರು ಭಾನುವಾರ ಒಂದೇ ಕಡೆ ಕುಳಿತು ಒಂದೇ ಸಮನೆ ಒತ್ತಿದರು. ನನ್ನ ಪ್ರೋಗ್ರಾಂ ಎಣಿಸುತ್ತಿದ್ದಾಗಲೇ ಅವರು ಬಂದು ಸೇರುತ್ತಿದ್ದರು. ಸಾಲದ್ದಕ್ಕೆ ನಮ್ಮ ಕಚೇರಿಯ ನೆಟ್ ಆ ಹೊತ್ತು ನಿಧಾನವಿತ್ತು. ಕಿಟಕಿಯಿಂದ ಉತ್ತರ ತಡವಾದರೆ ಪ್ರೋಗ್ರಾಂ ಮತ್ತೊಮ್ಮೆ ಕೇಳುತ್ತಿತ್ತು, ಆಮೇಲೆ ಎರಡೂ ಉತ್ತರಗಳನ್ನು ಹಾಳೆಗೆ ಬರೆಯುತ್ತಿತ್ತು. ಎರಡು ದೋಷ ಸೇರಿ ಒಂದು ಹೆಸರು ಮೂರಾಗಿತ್ತು.

ಮೊದಲನೆಯದಕ್ಕೆ ಪರಿಹಾರ ಎಪಿಐನ ಕೈಪಿಡಿಯಲ್ಲೇ ಇತ್ತು. ‘ಐದು ಬಿಟ್ಟು’ ಎಂದು ಕೇಳಬಾರದು. ಪ್ರತಿ ಕಟ್ಟಿನ ಕೊನೆಗೆ ಕಿಟಕಿ ಒಂದು ಗುರುತು ಕೊಡುತ್ತದೆ, ‘ಈ ಗುರುತಿನ ನಂತರದವು’ ಎಂದು ಕೇಳಬೇಕು. ಹಾಗೆ ಕೇಳಿದೆ. ಅವಳು ಮಧ್ಯೆ ಮಧ್ಯೆ ಎಷ್ಟು ಮಿರ್ಚಿ ಹಾಕಿದರೂ ಒಂದೂ ಎರಡನೇ ಸಲ ಬರಲಿಲ್ಲ. ಮೂರು ಸಲ ಪರೀಕ್ಷೆ ಮಾಡಿದೆ. ನಂತರ ಎರಡನೇ ದೋಷಕ್ಕೆ: ಪ್ರತಿ ಕಾಮೆಂಟಿಗೂ ಜಾಲತಾಣ ಒಂದು ಉದ್ದನೆಯ ಐಡಿ ಸಂಖ್ಯೆ ಕೊಟ್ಟಿರುತ್ತದೆ. ಬರಹ ನೋಡದೆ, ಹೆಸರು ನೋಡದೆ, ಐಡಿ ಒಂದೇ ಇದ್ದರೆ ಮಾತ್ರ ನಕಲು ಎಂದು ತೆಗೆಯಬೇಕು. ಹೊಸ ಪ್ರೋಗ್ರಾಂನಿಂದ ಎಲ್ಲವನ್ನೂ ಮೊದಲಿನಿಂದ ತರಿಸಿ, ಸ್ಪ್ರೆಡ್‌ಶೀಟಿನಲ್ಲಿ ಐಡಿ ಪ್ರಕಾರ ನಕಲು ತೆಗೆಸಿದೆ.

ಆ ಊರಿಗೆ 38 ಬಂತು.

ನಲವತ್ತಕ್ಕೆ ಎರಡು ಕಡಿಮೆ. ಸಂಖ್ಯೆ ಬೇಕಾದಷ್ಟು ಬರಲಿಲ್ಲ ಎಂದು ಅನುಮಾನಿಸುವುದು ಸರಿಯಲ್ಲ ಎಂದು ನನಗೆ ನಾನೇ ಹೇಳಿಕೊಂಡೆ. ಆದರೂ ಒಂದು ಪರೀಕ್ಷೆ ಮಾಡಲೇಬೇಕಿತ್ತು. ಕಾಮೆಂಟು ಹಾಕಿದ್ದು ನಿನಗೆ ಖಾತ್ರಿ ಗೊತ್ತಿರುವ ಒಂದು ಹೆಸರು ಹೇಳು ಎಂದು ವರದಿಗಾರ್ತಿಯನ್ನು ಕೇಳಿದೆ. ಅವಳು ಹೊಲಿಗೆ ಅಂಗಡಿಯಾಕೆಯ ಮಗಳ ಹೆಸರು ಹೇಳಿದಳು. ಆ ಹುಡುಗಿಯ ಕಾಮೆಂಟು ಜಾಲತಾಣದ ಪುಟದಲ್ಲಿತ್ತು, ನನ್ನ ಹಾಳೆಯಲ್ಲಿ ಇರಲಿಲ್ಲ.

ಐಡಿಗಳ ಕಾಲಂ ಅಗಲ ಮಾಡಿ ಒಂದೊಂದೇ ಓದಿದೆ. ಪ್ರತಿಯೊಂದೂ ಎರಡು ಸೊನ್ನೆಯಿಂದ ಮುಗಿಯುತ್ತಿತ್ತು. ಅಷ್ಟು ಸೊನ್ನೆ ತಾವಾಗಿ ಬರುವುದಿಲ್ಲ. ಐಡಿ ಹದಿನೇಳು ಅಂಕಿಯದು. ಸ್ಪ್ರೆಡ್‌ಶೀಟ್ ಸಂಖ್ಯೆಯನ್ನು ಹದಿನೈದು ಅಂಕಿಯವರೆಗೆ ಮಾತ್ರ ಇಟ್ಟುಕೊಳ್ಳುತ್ತದೆ, ಉಳಿದದ್ದಕ್ಕೆ ಸೊನ್ನೆ ಹಾಕುತ್ತದೆ. ಒಟ್ಟಿಗೆ ಕುಳಿತು ಹಾಕಿದವರ ಐಡಿಗಳು ಕೊನೆಯ ಎರಡು ಅಂಕಿಗಳಲ್ಲಷ್ಟೇ ಬೇರೆಯಾಗಿದ್ದವು. ಆ ಎರಡು ಅಂಕಿ ಹೋದ ಮೇಲೆ ಅಕ್ಕಪಕ್ಕ ಕುಳಿತ ಇಬ್ಬರು ಗೆಳತಿಯರು ಒಬ್ಬರೇ ಆಗಿದ್ದರು. ಐಡಿಯನ್ನು ಸಂಖ್ಯೆಯಾಗಿ ಅಲ್ಲದೆ ಅಕ್ಷರಗಳಾಗಿ ಉಳಿಸುವಂತೆ ಒಂದು ಸಾಲು ತಿದ್ದಿದೆ. ಮತ್ತೆ ಓಡಿಸಿದೆ.

64.

ಇನ್ನೂ ಎರಡು ಸಲ ಓಡಿಸಿದೆ, 64. ವರದಿಗಾರ್ತಿ ತನ್ನ ಫೋನಿನಲ್ಲಿ ಆ ಪುಟವನ್ನು ಮೇಲಿನಿಂದ ಕೆಳಗಿನವರೆಗೆ ಸರಿಸುತ್ತ ಬೆರಳಿನಿಂದ ಎಣಿಸಿದಳು. ಅವಳಿಗೂ 64 ಬಂತು. ಸಂಪಾದಕರ ಕೋಣೆಗೆ ಹೋಗಿ ಹೇಳಿದೆ. ಅವರು ಒಂದೇ ಪ್ರಶ್ನೆ ಕೇಳಿದರು: ‘ಅರವತ್ನಾಲ್ಕು ಕಾಮೆಂಟೋ, ಅರವತ್ನಾಲ್ಕು ಮಂದಿಯೋ?’

ಅದಕ್ಕೆ ಯಾವ ಎಪಿಐಯೂ ಉತ್ತರ ಕೊಡುವುದಿಲ್ಲ. ಹೊಲಿಗೆ ಅಂಗಡಿಯಾಕೆಯ ಒಂದೇ ಫೋನಿನಿಂದ ಹನ್ನೊಂದು ಕಾಮೆಂಟು ಬಂದಿದ್ದವು. ಹನ್ನೊಂದೂ ನಿಜವಾದ ಹುಡುಗಿಯರೇ ಎಂಬುದು ಕೊಪ್ಪಳದಲ್ಲಿ ಕುಳಿತು ತಿಳಿಯುವ ಸಂಗತಿಯಲ್ಲ. ಗುರುವಾರ ಬೆಳಿಗ್ಗೆ ಹೆಸರುಗಳ ಪಟ್ಟಿಯನ್ನು ಪ್ರಿಂಟ್ ತೆಗೆದುಕೊಂಡು ಯಲಬುರ್ಗಾ ಬಸ್ ಹತ್ತಿದೆ. ವರದಿಗಾರ್ತಿ ಅಲ್ಲಿ ಜೊತೆಯಾದಳು. ಅವಳ ಸ್ಕೂಟಿಯಲ್ಲಿ ಆ ಊರು ಮುಟ್ಟಿದಾಗ ಹತ್ತೂವರೆ. ಎರಡೂ ಕಡೆ ಎರೆಹೊಲ, ಹೆಸರು ಬೆಳೆ ಗೇಣುದ್ದ ಎದ್ದಿತ್ತು.

ಅಂಗಡಿಯಾಕೆ ಮಷೀನಿನಿಂದ ಏಳಲಿಲ್ಲ. ಹೊಲಿಯುತ್ತಿದ್ದ ಲಂಗದ ಅಂಚನ್ನು ಮುಗಿಸಿ, ದಾರ ಕಡಿದು, ಆಮೇಲೆ ನನ್ನ ಕಡೆ ತಿರುಗಿದಳು. ಎಣಿಕೆ ತಪ್ಪಾಗಿದೆ ಎಂದು ಅವತ್ತಿನ ಪೇಪರಿನಲ್ಲಿ ನಾವು ಹಾಕಿದ್ದ ತಿದ್ದುಪಡಿಯನ್ನು ಯಾರೋ ಅವಳಿಗೆ ಓದಿ ಹೇಳಿದ್ದರು.

‘ನಾನ ಬರದೀನ್ರಿ ಅಣ್ಣಾರ. ಎಲ್ಲಾರಿಗೂ ನಾನ ಕೊಟ್ಟೀನಿ. ಒಬ್ಬೊಬ್ಬರು ಒಂದೊಂದು ಥರಾ ಬರದ್ರ ಸಾಹೇಬರಿಗೆ ತಿಳೀದಂಗ ಆಗತೈತಿ ಅಂತ ತಿಳದಿದ್ದೆ. ನನ್ನಿಂದ ಹುಡಗ್ಯಾರ ಬಸ್ಸು ತಪ್ಪಿತೇನ್ರಿ?’

‘ಬರದದ್ದು ಛಲೋನ ಐತ್ರಿ ಅಕ್ಕಾರ,’ ಎಂದೆ. ‘ತಪ್ಪಿದ್ದು ಎಣಿಸಿದಾಂವ, ನಾನು.’

ಅವಳು ಒಂದು ಕುರ್ಚಿ ಎಳೆದು ಕೊಟ್ಟು, ಓಣಿಗೆ ಹೇಳಿ ಕಳಿಸಿದಳು. ಮುಂದಿನ ಮೂರು ತಾಸು ಅಂಗಡಿಯ ಕಟ್ಟೆಯ ಮೇಲೆ ಹೆಸರು ಕರೆಯುವ ಕೆಲಸ ನಡೆಯಿತು. ಒಂದೊಂದು ಹೆಸರಿಗೂ ಎರಡು ಪ್ರಶ್ನೆ: ಎಲ್ಲಿಗೆ ಹೋಗುತ್ತಾರೆ, ವಾರದಲ್ಲಿ ಎಷ್ಟು ದಿನ. ಕಾಲೇಜಿಗೆ ಹೋಗಿದ್ದವರ ಪರವಾಗಿ ಮನೆಯವರು ಬಂದು ಗುರುತಿನ ಚೀಟಿಯ ಪ್ರತಿ ತೋರಿಸಿದರು. ಕುಷ್ಟಗಿಯ ಆಸ್ಪತ್ರೆಯಲ್ಲಿ, ಬಟ್ಟೆ ಅಂಗಡಿಗಳಲ್ಲಿ ಕೆಲಸ ಮಾಡುವ ಹೆಂಗಸರೂ ಪಟ್ಟಿಯಲ್ಲಿದ್ದರು.

ಅಂಗಡಿಯಾಕೆಯ ಫೋನಿನ ಹನ್ನೊಂದು ಹೆಸರಿನಲ್ಲಿ ಐವರು ಆಮೇಲೆ ಅಣ್ಣನದೋ ಅಪ್ಪನದೋ ಫೋನು ಸಿಕ್ಕಾಗ ಮತ್ತೊಮ್ಮೆ ಹಾಕಿದ್ದರು. ಆ ಐದು ಸಾಲು ಹೊಡೆದುಹಾಕಿದೆ. ಎಂಟು ಮಂದಿ ಎಲ್ಲಿಗೂ ಹೋಗುವವರಲ್ಲ, ಊರಿನ ಕೆಲಸವೆಂದು ಕೈಜೋಡಿಸಿದವರು. ಅವರಲ್ಲಿ ಒಬ್ಬ ಹಿರಿಯರು ತಮ್ಮ ಹೆಸರು ಹೊಡೆಯಲು ಬಿಡಲಿಲ್ಲ. ಮೊಮ್ಮಗಳ ಸಲುವಾಗಿ ಹಾಕಿದ್ದು, ಅದನ್ನು ಹೊಡೆದರೆ ಅವಳ ಬಸ್ಸು ಹೋದಂತೆ ಎಂದು ಕೋಲು ಊರಿ ನಿಂತರು. ಮೊಮ್ಮಗಳ ಹೆಸರು ಆಗಲೇ ಪಟ್ಟಿಯಲ್ಲಿದೆ ಎಂದು ತೋರಿಸಿದೆ.

‘ಇರ್ಲಿ ಬಿಡ್ರಿ. ಒಂದಕ್ಕ ಎರಡಿದ್ರ ಗಟ್ಟಿ ಅಲ್ಲೇನು?’

ವರದಿಗಾರ್ತಿ ಅವರ ಕೈ ಹಿಡಿದು ಪಕ್ಕಕ್ಕೆ ಕೂಡಿಸಿದಳು. ‘ಎರಡಾಗಿದ್ದಕ್ಕ ಇಷ್ಟೆಲ್ಲಾ ಆಗೇತ್ರಿ ಮುತ್ಯಾ. ಒಂದ ಇರ್ಲಿ, ಖರೇ ಇರ್ಲಿ.’ ಅವರು ತಾವೇ ಪೆನ್ನು ಇಸಿದುಕೊಂಡು ತಮ್ಮ ಹೆಸರಿನ ಮೇಲೆ ಗೆರೆ ಎಳೆದರು.

ಎರಡು ಗಂಟೆಗೆ ಪಟ್ಟಿ ಮುಗಿಯಿತು. 51. ಪ್ರತಿ ಹೆಸರಿನ ಮುಂದೆ ಹೋಗುವ ಜಾಗ, ಕಡೆಗೆ ಅವರದೋ ಮನೆಯವರದೋ ಸಹಿ. ಸಹಿ ಬಾರದ ಇಬ್ಬರದು ಹೆಬ್ಬೆಟ್ಟು. ಜಾಲತಾಣಕ್ಕೆ ಹೋಗಿದ್ದ ಮನವಿ ಮತ್ತೆ ಕಾಗದಕ್ಕೆ ಬಂದಿತ್ತು. ಬರೆಯದೆ ಉಳಿದ ಕೆಲವರು ತಮ್ಮ ಹೆಸರನ್ನೂ ಸೇರಿಸಿ ಎಂದರು. ಸೇರಿಸಲಿಲ್ಲ. ಪ್ರಕಟಿಸಿದ್ದು ಬಂದ ಬೇಡಿಕೆಗಳ ಪಟ್ಟಿ, ಅದರಲ್ಲಿ ಇಲ್ಲದ್ದನ್ನು ಈಗ ತುರುಕಿದರೆ ಮತ್ತೊಂದು ತಪ್ಪಾಗುತ್ತಿತ್ತು.

ಶುಕ್ರವಾರ ಹತ್ತು ಗಂಟೆಗೆ ಸಂಚಾರ ಅಧಿಕಾರಿಯ ಕೋಣೆಯಲ್ಲಿ ಕುಳಿತೆ. ಅವರು ಪಟ್ಟಿ ಓದುವ ಮೊದಲು ನನ್ನನ್ನು ಓದಿದರು ಎನ್ನಬೇಕು. ಏನು ತಪ್ಪಾಗಿತ್ತು ಎಂದು ಕೇಳಿದರು. ಸರದಿ ಸರಿದದ್ದು, ಎರಡು ಸಲ ಕೇಳಿದ್ದು, ಕೊನೆಯ ಎರಡು ಅಂಕಿ ಸೊನ್ನೆಯಾದದ್ದು, ಮನವಿಯ ರೂಢಿ ಮರೆತದ್ದು, ಎಲ್ಲವನ್ನೂ ಕ್ರಮವಾಗಿ ಹೇಳಿದೆ. ಹೊಡೆದ ಹದಿಮೂರು ಹೆಸರುಗಳನ್ನೂ ಕಾರಣದ ಸಮೇತ ಬೇರೆ ಹಾಳೆಯಲ್ಲಿ ಕೊಟ್ಟೆ. ಅವರು ಆ ಹಾಳೆಯನ್ನೇ ಹೆಚ್ಚು ಹೊತ್ತು ನೋಡಿದರು.

ಆಮೇಲೆ ಮೇಜಿನ ಖಾನೆಯಿಂದ ಒಂದು ಚೀಟಿ ತೆಗೆದು ನನ್ನ ಮುಂದೆ ಇಟ್ಟರು. ಬುಧವಾರ ನನ್ನ ಪತ್ರ ತಲುಪಿದ ಕೂಡಲೇ ಅವರು ಆ ಮಾರ್ಗದ ಕಂಡಕ್ಟರಿಗೆ, ಒಂಬತ್ತೂ ಹತ್ತರ ಬಸ್ಸಿಗೆ ಆ ಊರಿನಲ್ಲಿ ಹತ್ತಿದವರನ್ನು ಎಣಿಸಿ ಫೋನಿನಲ್ಲಿ ತಿಳಿಸಲು ಹೇಳಿದ್ದರು. ನನಗಾಗಲಿ ಊರಿನವರಿಗಾಗಲಿ ಅದು ಗೊತ್ತಿರಲಿಲ್ಲ. ಚೀಟಿಯ ಮೇಲೆ ಎರಡು ಸಾಲು: ಗುರುವಾರ 49, ಶುಕ್ರವಾರ 53.

‘ನಿಮ್ಮದು ಐವತ್ತೊಂದು,’ ಎಂದರು. ‘ನಡುವ ಬಂದು ಕುಂತೈತಿ. ತಪ್ಪು ಮಾಡಿದಾಂವ ತಾನ ಬಂದು ಹೇಳೂದು ಈ ಕುರ್ಚಿಗೆ ಹೊಸಾದು ನೋಡ್ರಿ. ಚಾ ಕುಡೀರಿ, ನಾ ಸಭೆಗೆ ಹೋಗಿ ಬರ್ತೀನಿ.’

ಚಹಾ ಬಂತು, ಕುಡಿದೆ. ಹನ್ನೆರಡೂ ಕಾಲಿಗೆ ಅವರು ಹೊರಗೆ ಬಂದು ವೇಳಾಪಟ್ಟಿಯ ಕರಡು ತೋರಿಸಿದರು. ಯಲಬುರ್ಗಾದಿಂದ ಏಳೂ ಹದಿನೈದಕ್ಕೆ ಹೊರಟು, ಆ ಊರಿಗೆ ಏಳೂ ನಲವತ್ತಕ್ಕೆ ಬಂದು, ಕುಷ್ಟಗಿಗೆ ಎಂಟೂವರೆಗೆ ಮುಟ್ಟುವ ಒಂದು ಟ್ರಿಪ್. ವರದಿಗಾರ್ತಿಗೆ ಫೋನ್ ಮಾಡಿದೆ. ಅವಳು ಆಗ ಆ ಊರಿನಲ್ಲೇ, ಅಂಗಡಿಯ ಕಟ್ಟೆಯ ಮೇಲೆ ಇದ್ದಳು. ಅವಳು ಫೋನ್ ಕೆಳಗಿಡದೆಯೇ ವಿಷಯ ಹೇಳಿದ್ದರಿಂದ ನನಗೂ ಆ ಗದ್ದಲ ಕೇಳಿಸಿತು. ಯಾರೋ ಸಿಳ್ಳು ಹೊಡೆದರು. ಆಮೇಲೆ ಅಂಗಡಿಯಾಕೆಯ ದನಿ ಫೋನಿನಲ್ಲಿ ಬಂತು.

‘ಅಣ್ಣಾರ, ಎಣಿಸಿದ್ದು ಸರಿ ಐತಲ್ರಿ ಈ ಸಲ?’

‘ಸರಿ ಐತ್ರಿ. ಮೂರು ಕಡಿ ಎಣಿಸೇವಿ.’

ಆಕೆ ನಕ್ಕಳು. ಅವತ್ತು ಕಚೇರಿಗೆ ಮರಳುವಾಗ ನಾನು ರೈಲ್ವೆ ಗೇಟಿನ ಹತ್ತಿರ ನಿಂತು ಒಂದು ಪ್ಲೇಟ್ ಮಿರ್ಚಿ ಕಟ್ಟಿಸಿಕೊಂಡೆ. ಸಂಪಾದಕರು ಎರಡು ತಿಂದರು. ಮೂರನೇ ಪುಟದಲ್ಲಿ, ತಿದ್ದುಪಡಿ ಬಂದ ಜಾಗದಲ್ಲೇ, ಸುದ್ದಿಯನ್ನು ಆರು ಸಾಲಿನಲ್ಲಿ ಹಾಕಿದೆವು.

ಅದೇ ವಾರ ಉಳಿದ ಎಲ್ಲ ಊರುಗಳ ಎಣಿಕೆಯನ್ನೂ ಹೊಸ ಪ್ರೋಗ್ರಾಂನಿಂದ ಮತ್ತೆ ಮಾಡಿ ಅಚ್ಚು ಹಾಕಿದೆವು. ಏಳು ಊರುಗಳ ಸಂಖ್ಯೆ ಕಡಿಮೆಯಾಯಿತು. ಈಗ ಕಿಟಕಿಯಿಂದ ಬಂದ ಉತ್ತರಗಳನ್ನು ಏನೂ ಮುಟ್ಟದೆ ಬೇರೆ ಕಡತದಲ್ಲಿ ಹಾಗೆಯೇ ಇಡುತ್ತೇವೆ, ತೆಗೆಯುವ ಕೆಲಸವೆಲ್ಲ ಅದರ ಪ್ರತಿಯ ಮೇಲೆ. ಸಂಖ್ಯೆ ಪುಟಕ್ಕೆ ಹೋಗುವ ಮೊದಲು ಆ ತಾಲ್ಲೂಕಿನ ವರದಿಗಾರರು ಹತ್ತು ಹೆಸರುಗಳನ್ನು ಫೋನ್ ಮಾಡಿ ಖಾತ್ರಿ ಮಾಡುತ್ತಾರೆ.

ಬಸ್ಸು ಆಗಸ್ಟ್ ಮೊದಲ ಸೋಮವಾರ ಸುರುವಾಯಿತು. ಆ ತಿಂಗಳ ಹಾಜರಿಯಲ್ಲಿ ಅಂಗಡಿಯಾಕೆಯ ಮಗಳಿಗೆ ಮೊದಲ ಪಿರಿಯಡ್ಡು ಒಂದೂ ತಪ್ಪಿಲ್ಲ. ನಿನ್ನೆ ಮುಂಜಾನೆ ಬಸ್ಸು ಏಳೂ ನಲವತ್ಮೂರಕ್ಕೆ ಊರು ಬಿಟ್ಟು, ಎಂಟೂ ಮೂವತ್ತೈದಕ್ಕೆ ಕುಷ್ಟಗಿ ಮುಟ್ಟಿತು. ಹನ್ನೆರಡು ಮಂದಿ ನಿಂತುಕೊಂಡು ಬಂದರು.